ಐದು ಗಂಟೆಗೆ ಮುಗಿಯುವ ಪಾಸು

ನಾಯಿಗೆ ಅರ್ಹತೆ ಇತ್ತು, ಲೆಮ್ ಗ್ಯಾಸ್ಕಿನ್‌ಗೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಲೆಮ್ ಮಾಡಿದ್ದು ಅತಿಯಾಯಿತು, ಅಷ್ಟು ವಯಸ್ಸಾದವನಿಗೆ ಆ ಹಟ ಬೇಕಿತ್ತೇ ಎಂದು ಮೂಗು ಮುರಿಯುವವರು ಹುಟ್ಟಿಕೊಳ್ಳುತ್ತಾರೆ. ಬೇಕಿತ್ತು. ಮೂವತ್ತೊಂದು ವರ್ಷದ ಹಟ ಅದು.

ಫ್ಲಾರಿಡಾದ ಉತ್ತರದ ಅಂಚಿನಲ್ಲಿ, ಪೈನ್ ಮರಗಳು ಮುಗಿದು ಕೊಲ್ಲಿಯ ನೀರು ಶುರುವಾಗುವ ಕಡೆ, ಸೇನಾ ನೆಲೆಯ ಬೇಲಿಯೊಳಗೆ ಆ ಕ್ಯಾಂಪು. ಟ್ರೇಲರ್ ನಿಲ್ಲಿಸಿಕೊಂಡು ಚಳಿಗಾಲ ಕಳೆಯಲು ಅರವತ್ತು ಜಾಗ. ಅಲ್ಲಿ ಯಾರು ಇಳಿದುಕೊಳ್ಳಬಹುದು ಎಂದು ಕಚೇರಿಯ ಗೋಡೆಗೆ ಒಂದು ಬೋರ್ಡು ಹಾಕಿದ್ದರು. ಸೇವೆಯಲ್ಲಿರುವವರು, ನಿವೃತ್ತರಾದವರು, ಅವರ ಹೆಂಡತಿ ಇಲ್ಲವೇ ಗಂಡ, ಸತ್ತ ಸೈನಿಕನ ವಿಧವೆ (ಮತ್ತೆ ಮದುವೆಯಾಗಿರಬಾರದು, ಅಷ್ಟೇ), ನೆಲೆಯಲ್ಲಿ ಸಂಬಳಕ್ಕಿರುವ ಗುಮಾಸ್ತರು, ಇವರೆಲ್ಲರ ಅತಿಥಿಗಳು. ಕೊನೆಯ ಸಾಲಿನಲ್ಲಿ ನಾಯಿ, ಚುಚ್ಚುಮದ್ದಿನ ಕಾಗದ ಇದ್ದರೆ ಸಾಕು.

ಲೆಮ್ ಆ ಬೋರ್ಡನ್ನು ಹತ್ತೊಂಬತ್ತು ವರ್ಷ ದಿನಾ ಓದಿದ್ದ. ಅಲ್ಲಿನ ಕೊಳಚೆಯ ಗುತ್ತಿಗೆ ಅವನದು. ಚರಂಡಿ ಇಲ್ಲದ ಜಾಗಗಳಲ್ಲಿ ಟ್ರೇಲರಿನ ಟ್ಯಾಂಕಿನಿಂದ ಹೊಲಸನ್ನು ತನ್ನ ಲಾರಿಗೆ ಎಳೆದುಕೊಳ್ಳುವುದು, ಚರಂಡಿ ಇದ್ದ ಕಡೆ ಕಟ್ಟಿಕೊಂಡರೆ ಬಿಡಿಸುವುದು. ಕರ್ನಲ್‌ನದಾಗಲಿ ಕಾರ್ಪೊರಲ್‌ನದಾಗಲಿ, ಆ ಕ್ಯಾಂಪಿನಲ್ಲಿ ಅವನು ಎತ್ತದ ಹೊಲಸಿಲ್ಲ. ಆದರೆ ಒಂದೇ ಒಂದು ರಾತ್ರಿ ಅಲ್ಲಿ ಮಲಗುವ ಹಾಗಿರಲಿಲ್ಲ. ಅವನ ಪಾಸಿನ ಮೇಲೆ ಅಚ್ಚು ಹಾಕಿತ್ತು: ಸಂಜೆ ಐದರವರೆಗೆ. ಐದಕ್ಕೆ ಬ್ಯೂಗಲ್ ಊದಿ ಬಾವುಟ ಇಳಿಸುವಾಗ ಇಡೀ ನೆಲೆ ನಿಂತಲ್ಲೇ ನಿಲ್ಲುತ್ತದೆ, ದಾರಿಯಲ್ಲಿ ಹೋಗುವ ಕಾರು ಕೂಡ. ಲೆಮ್ ಕೂಡ ಪೈಪು ಕೆಳಗಿಟ್ಟು ನೆಟ್ಟಗೆ ನಿಲ್ಲುತ್ತಿದ್ದ. ಆಮೇಲೆ ಲಾರಿ ಹತ್ತಿ ಗೇಟಿನಾಚೆ ಹೋಗುತ್ತಿದ್ದ.

ಸೈನ್ಯದಲ್ಲಿ ಇರಲಿಲ್ಲವೇ ಅವನು? ಇದ್ದ. ಬೆನ್ನಿನ ಎರಡು ಎಲುಬು ಕೊಟ್ಟು ಬಂದಿದ್ದ.

ತೊಂಬತ್ತೊಂದರ ಫೆಬ್ರವರಿ, ಅರಬ್ಬರ ಮರಳುಗಾಡು, ಯುದ್ಧದ ಕಾಲ. ಲೆಮ್‌ಗೆ ಇಪ್ಪತ್ಮೂರು, ನೀರಿನ ಲಾರಿಯ ಡ್ರೈವರ್. ಧೂಳಿನ ಬಿರುಗಾಳಿ ಎದ್ದು ಕೈ ಚಾಚಿದರೆ ಕೈ ಕಾಣುತ್ತಿರಲಿಲ್ಲ. ಯಾವ ಗಾಡಿಯೂ ಕದಲಬಾರದೆಂದು ಮೇಲಿನಿಂದ ಅಪ್ಪಣೆ ಬಂದಿತ್ತು. ಅವನ ಮೇಲಿದ್ದ ಸಾರ್ಜೆಂಟ್ ಡ್ವೈಟ್ ಕೆಚಮ್‌ಗೆ ಮಾತ್ರ, ಎಲ್ಲರೂ ಕೈಕಟ್ಟಿ ಕೂತಾಗ ತನ್ನ ತುಕಡಿಯೊಂದೇ ನೀರು ತಲುಪಿಸಿತು ಅನ್ನಿಸಿಕೊಳ್ಳುವ ಚಪಲ. “ಹೊರಡು ಗ್ಯಾಸ್ಕಿನ್, ನಾನಿದ್ದೀನಲ್ಲ” ಅಂದ. ಲೆಮ್ ಹೊರಟ. ಮೂರು ಮೈಲಿ ದಾಟುವಷ್ಟರಲ್ಲಿ ಲಾರಿ ಕಂದಕಕ್ಕೆ ಉರುಳಿತು. ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟಾಗ ಕೆಚಮ್ ಬರೆದುಕೊಟ್ಟ ಹೇಳಿಕೆ ಅವನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು: ಈ ಸೈನಿಕ ಅಪ್ಪಣೆಯಿಲ್ಲದೆ, ಕುಡಿದು, ಲಾರಿ ತೆಗೆದುಕೊಂಡು ಹೋದ. ಕುಡಿದು! ಆ ಮರಳುಗಾಡಿನಲ್ಲಿ ಕುಡಿಯಲು ಇದ್ದದ್ದು ಆ ಲಾರಿಯೊಳಗಿನ ನೀರು ಮಾತ್ರ.

ವಿಚಾರಣೆಗೆ ನಿಲ್ಲುತ್ತೀಯೋ, ಕೆಟ್ಟ ಹೆಸರಿನ ಬಿಡುಗಡೆ ಪತ್ರ ತೆಗೆದುಕೊಂಡು ಮನೆಗೆ ಹೋಗುತ್ತೀಯೋ ಎಂದು ಕೇಳಿದರು. ಅಲುಗಾಡಲಾಗದೆ ಮಲಗಿದ್ದ ಹುಡುಗ ಅವರು ತೋರಿಸಿದ ಕಡೆ ಸಹಿ ಹಾಕಿದ. ಕೆಚಮ್ ಮೇಲೇರುತ್ತಾ ಹೋಗಿ ಸಾರ್ಜೆಂಟ್ ಮೇಜರ್ ಆದ. ಆ ಪತ್ರ ತಿದ್ದಿಕೊಡಿ ಎಂದು ಲೆಮ್ ಎರಡು ಸಲ ಅರ್ಜಿ ಹಾಕಿದ. ಎರಡು ಸಲವೂ ಇಂಥ ಅರ್ಜಿ ನೋಡುವ ಸೈನ್ಯದ ಮಂಡಳಿ ಒಂದೇ ಮಾತು ಬರೆಯಿತು: ಸಾಕ್ಷಿ ಬೇಕು. ಸಾಕ್ಷಿ ಎಂದರೆ ಕೆಚಮ್ ಒಬ್ಬನೇ. ಅವನಿಗೂ ಎರಡು ಕಾಗದ ಬರೆದದ್ದಾಯಿತು. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದು ಒಡೆಯದೆಯೇ ವಾಪಸ್ ಬಂತು.

ಎರಡು ಸಾವಿರದ ಇಪ್ಪತ್ತರಲ್ಲಿ ಕ್ಯಾಂಪಿನ ಬೋರ್ಡಿಗೆ ಹೊಸ ಸಾಲು ಸೇರಿತು: ಸೇವೆಯಲ್ಲಿ ಗಾಯಗೊಂಡು ಅಂಗ ಊನವಾದ ಮಾಜಿ ಸೈನಿಕರೂ ಅರ್ಹರು. ಆ ಸಂಜೆ ಲೆಮ್ ಎಲ್ಲೂ ನಿಲ್ಲದೆ ಮನೆಗೆ ಲಾರಿ ಓಡಿಸಿದ. ಅವನ ಹೆಂಡತಿ ಓಲೀಟಾ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಆಲೂಗಡ್ಡೆ ಸಲಾಡು ಮಾಡಿ ದೊಡ್ಡ ಬೋಗುಣಿಗೆ ತುಂಬಿದಳು, ಕ್ಯಾಂಪಿನ ಸಹಪಂಕ್ತಿಗೆ ಬರಿಗೈಯಲ್ಲಿ ಹೋಗಬಾರದು ಎಂದು. ಹಳೆಯ ಪುಟ್ಟ ಟ್ರೇಲರನ್ನು ಉಜ್ಜಿ ತೊಳೆದು ಶನಿವಾರ ಬೆಳಿಗ್ಗೆ ಸಾಲಿನಲ್ಲಿ ನಿಂತರು.

ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತೆ ಯೋಲಾಂಡಾ ಅವನ ಬಿಡುಗಡೆ ಪತ್ರ ಓದಿದಳು. ಮತ್ತೊಮ್ಮೆ ಓದಿದಳು. ಅವಳ ಮುಖ ಸಪ್ಪಗಾಯಿತು.

“ಮಿಸ್ಟರ್ ಲೆಮ್, ಇದು ಗೌರವದ ಬಿಡುಗಡೆ ಅಲ್ಲ. ಈ ಪತ್ರಕ್ಕೆ ಹೊಸ ನಿಯಮ ಹಿಡಿಸಲ್ಲ.”

“ಬೆನ್ನು ಮುರಿದಿದ್ದು ನಿಜ ತಾನೇ ಯೋಲಾಂಡಾ?”

“ನಿಜ. ಆದ್ರೆ ನಾನೇನ್ ಮಾಡ್ಲಿ?”

ಹಿಂದೆ ಏಳು ಟ್ರೇಲರುಗಳು ನಿಂತಿದ್ದವು. ಒಂದೊಂದೂ ಹಿಂದೆ ಸರಿದು, ಗೊಣಗಿ, ಲೆಮ್‌ಗೆ ತಿರುಗಿಕೊಳ್ಳಲು ಜಾಗ ಕೊಟ್ಟಿತು. ಅವರಲ್ಲಿ ಬಹಳ ಜನ ಅವನನ್ನು ಬಲ್ಲವರೇ. ನಾಚಿಕೆಯಿಂದ ಅವನ ಕಿವಿಗಳು ಸುಡುತ್ತಿದ್ದವು. ಗೇಟು ದಾಟಿ ಎರಡು ಮೈಲಿ ಬಂದರು. ಆಮೇಲೆ ಓಲೀಟಾ ತೊಡೆಯ ಮೇಲಿದ್ದ ಬೋಗುಣಿಯನ್ನು ನೋಡುತ್ತ ಅಂದಳು: “ಆ ಕೆಚಮ್ ಯಾವತ್ತಾದ್ರೂ ನಿನ್ನ ಕೈಗೆ ಸಿಗಲಿ ಲೆಮ್. ನಾನು ಕೇಳ್ಕೊಳ್ಳೋದು ಅದೊಂದೇ.”

ಸಿಕ್ಕ. ಎರಡು ವರ್ಷದ ಮೇಲೆ, ಜನವರಿಯಲ್ಲಿ, ತಾನೇ ನಡೆದು ಬಂದು ಸಿಕ್ಕ.

ಹದಿನೈದನೇ ಜಾಗದಲ್ಲಿ ಲೆಮ್ ಮೊಣಕಾಲೂರಿ ಚರಂಡಿ ಕೆದಕುತ್ತಿದ್ದ. ಪಕ್ಕದ ಹದಿನಾಲ್ಕಕ್ಕೆ ನಲವತ್ತಡಿಯ ಹೊಚ್ಚ ಹೊಸ ಟ್ರೇಲರ್ ಹಿಮ್ಮುಖವಾಗಿ ಬರುತ್ತಿತ್ತು. ಕಾರಿನ ಕಿಟಕಿಯಿಂದ ಒಬ್ಬ ಗಂಡಸು, ದಾರಿ ತೋರಿಸುತ್ತಿದ್ದ ಹೆಂಡತಿಯ ಮೇಲೆ ಕಿರುಚುತ್ತಿದ್ದ: “ಎಡಕ್ಕೆ ಅಂದ್ರೆ ಎಡಕ್ಕೆ ಡಾನಾ! ನನ್ನ ಎಡ ಕಣೇ, ನಿನ್ನದಲ್ಲ!” ಆ ದನಿಯ ಗುರುತು ಲೆಮ್‌ನ ತಲೆಗಿಂತ ಮೊದಲು ಬೆನ್ನಿಗೆ ಸಿಕ್ಕಿತು. ಎರಡು ಎಲುಬುಗಳ ನಡುವೆ ಚಳಕ್ಕೆಂದಿತು. ಎದ್ದು ನೋಡಿದ. ಬೋಳು ತಲೆ, ಬಿಳಿ ಮೀಸೆ, ಅದೇ ಗದ್ದ. ಹಿಂದಿನ ಸೀಟಿನಲ್ಲಿ ಕೂತ ನಾಯಿಯ ಹೆಸರು ‘ಲೆಫ್ಟಿನೆಂಟ್’. ತನಗಿಂತ ಮೇಲಿನ ಅಧಿಕಾರಿಯೊಬ್ಬನಿಗೆ ಕೂತ್ಕೋ, ಏಳು ಎನ್ನುವ ಸುಖಕ್ಕೆ ಇಟ್ಟ ಹೆಸರು. ಬಂದ ಅರ್ಧ ಗಂಟೆಯಲ್ಲೇ ಕೆಚಮ್ ತನ್ನ ಹೆಸರು, ಹುದ್ದೆ ಕೆತ್ತಿದ ಮರದ ಫಲಕವನ್ನು ಕಂಬಕ್ಕೆ ತೂಗುಹಾಕಿದ.

ಲೆಮ್‌ನ ಗುರುತು ಅವನಿಗೆ ಹತ್ತಲಿಲ್ಲ. ನೋಡಿದರಲ್ಲವೇ ಹತ್ತುವುದು!

“ಏಯ್, ಕೊಳಚೆಯವನೇ, ಈ ಪೈಪು ಎಲ್ಲಿಗೆ ಸಿಕ್ಕಿಸ್ಬೇಕು?”

ಲೆಮ್ ತೋರಿಸಿದ. ಕೆಚಮ್ ಪೈಪು ಸಿಕ್ಕಿಸಿ, ಕಕ್ಕಸಿನ ಟ್ಯಾಂಕಿನ ವಾಲ್ವನ್ನು ಪೂರ್ತಿ ಹೊರಗೆಳೆದು, ಹಾಗೇ ಬಿಟ್ಟು ಕೈ ಒರೆಸಿಕೊಂಡ.

ಟ್ರೇಲರಿನ ಜನಕ್ಕೆಲ್ಲ ಗೊತ್ತಿರುವ ಸಂಗತಿ ಇದು. ಆ ವಾಲ್ವು ಮುಚ್ಚಿರಬೇಕು. ಟ್ಯಾಂಕು ತುಂಬಿದ ಮೇಲೆ ಒಮ್ಮೆಲೇ ತೆರೆದರೆ ನೀರಿನ ರಭಸಕ್ಕೆ ಎಲ್ಲವೂ ಕೊಚ್ಚಿಕೊಂಡು ಹೋಗುತ್ತದೆ. ತೆರೆದೇ ಬಿಟ್ಟರೆ ನೀರು ಮಾತ್ರ ಹರಿದು ಹೋಗಿ, ಉಳಿದದ್ದು ಅಲ್ಲೇ ಗುಡ್ಡೆಯಾಗಿ ಒಣಗಿ ಸಿಮೆಂಟಾಗುತ್ತದೆ. ಹೊಸಬರು ಈ ತಪ್ಪು ಮಾಡುವುದು, ಮೊದಲು ಕಂಡವರು ಬಂದು ಹೇಳುವುದು, ಇದು ಎಲ್ಲ ಕ್ಯಾಂಪುಗಳ ಮರ್ಯಾದೆ. ಲೆಮ್ ನೂರಾರು ಜನರಿಗೆ ಹೇಳಿದ್ದ. ಇವನಿಗೂ ಅಭ್ಯಾಸಬಲದಿಂದ ಬಾಯಿ ತೆರೆದ.

“ಸಾರ್ಜೆಂಟ್ ಮೇಜರ್, ಆ ವಾಲ್ವು...”

“ನನ್ನ ಗಾಡಿ ನಾನು ನೋಡ್ಕೋತೀನಿ. ಮೂವತ್ತು ವರ್ಷ ಗಂಡಸರನ್ನ ನಡೆಸಿದೋನಯ್ಯಾ ನಾನು. ಒಂದು ಕಕ್ಕಸು ನಡೆಸೋಕೆ ನಿನ್ನ ಕೇಳ್ಬೇಕಾ?”

ಲೆಮ್ ಬಾಯಿ ಮುಚ್ಚಿದ. ಅರ್ಧ ಮಾತು ಹೇಳಿದ್ದೇನೆ, ಇನ್ನರ್ಧ ಬೇಕಾದರೆ ಇವನೇ ಕೇಳಲಿ ಎಂದುಕೊಂಡ. ಮರುದಿನ ಕೆಚಮ್ ಚಳಿಗಾಳಿ ತಡೆಯಲೆಂದು ಟ್ರೇಲರಿನ ಸುತ್ತ ನೆಲದವರೆಗೂ ಹಲಗೆ ಹೊಡೆದು ಮುಚ್ಚಿದ. ಇನ್ನು ಆ ವಾಲ್ವು ಅಕ್ಕಪಕ್ಕದವರ ಕಣ್ಣಿಗೆ ಬೀಳುವ ಹಾಗೂ ಇರಲಿಲ್ಲ.

ಮನೆಯಲ್ಲಿ ಇದನ್ನು ಕೇಳಿ ಓಲೀಟಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

“ತೆರೆದೇ ಬಿಟ್ಟಿದ್ದಾನಾ?”

“ಪೂರ್ತಿ.”

“ಎಷ್ಟು ದಿನ ಇರ್ತಾನಂತೆ?”

“ಮಾರ್ಚ್ ಮುಗಿಯೋವರೆಗೂ.”

ಓಲೀಟಾ ಬೆರಳು ಮಡಿಚಿ ವಾರಗಳನ್ನು ಎಣಿಸಿದಳು. ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡಳು. “ಒಂದಕ್ಷರ ಬಾಯಿ ಬಿಟ್ಟೆ ಅಂದ್ರೆ ನಿನಗೆ ಈ ಮನೇಲಿ ಊಟ ಇಲ್ಲ, ನೋಡು!”

ಪ್ರತಿ ಗುರುವಾರ ಲೆಮ್ ಲಾರಿ ನಿಲ್ಲಿಸಿ ವಿನಯದಿಂದ ಕೇಳುತ್ತಿದ್ದ, “ಎಲ್ಲ ಸರಿಯಾಗಿ ಹರೀತಿದೆಯಾ ಸಾರ್ಜೆಂಟ್ ಮೇಜರ್?” “ಸೊಗಸಾಗಿದೆ,” ಎನ್ನುತ್ತಿದ್ದ ಕೆಚಮ್, ತಲೆ ಎತ್ತದೆ. ಒಂದು ಗುರುವಾರ ಡಾನಾ ಬಾಗಿಲಿಗೆ ಬಂದು ಅವನ ಕೈಗೆ ಒಂದು ತುಂಡು ಕೇಕು ಕೊಟ್ಟಳು. ಗಂಡನ ಬಾಯಿಗೆ ಹೆದರಿ ಸೊರಗಿದ ಹೆಂಗಸು. ಲೆಮ್ ಅದನ್ನು ತಿನ್ನದೆ ಲಾರಿಯ ಸೀಟಿನ ಮೇಲಿಟ್ಟ. ಬರುವ ಗುರುವಾರ ಹೇಳಿಬಿಡೋಣ, ಹಾಳಾಗಿ ಹೋಗಲಿ, ಎಂದು ತೀರ್ಮಾನ ಮಾಡಿಕೊಂಡೇ ಹೋದ.

ಹೋದರೆ ಹದಿನಾಲ್ಕರ ಮುಂದೆ ಬೆಂಕಿ ಹಾಕಿಕೊಂಡು ಐದಾರು ಜನ ನಿವೃತ್ತರು ಕುಳಿತಿದ್ದರು. ಕೆಚಮ್ ಕಥೆ ಹೇಳುತ್ತಿದ್ದ.

“ಮರಳುಗಾಡಲ್ಲಿ ನನ್ನ ಹತ್ರ ಒಬ್ಬ ಡ್ರೈವರ್ ಇದ್ದ. ಎಂಥಾ ಕುಡುಕ ಅಂತೀರಿ! ಧೂಳಿನ ಗಾಳೀಲಿ ನೀರಿನ ಲಾರಿ ಹೊಡ್ಕೊಂಡು ಹೋಗಿ ಗುಂಡಿಗೆ ಬಿದ್ದ. ನಾನು ಎಳೆದು ತಂದೆ ಬಡ್ಡಿಮಗನ್ನ.”

ಎಲ್ಲರೂ ನಕ್ಕರು. ಎಳೆದು ತಂದನಂತೆ! ಲೆಮ್‌ನ ಮೈಯೆಲ್ಲ ಉರಿದುಹೋಯಿತು. ಸುಳ್ಳು ಬರೆದದ್ದನ್ನು ಮರೆತಿದ್ದರೂ ಸಹಿಸಬಹುದಿತ್ತು. ಅದನ್ನು ಬೆಂಕಿ ಕಾಯಿಸಿಕೊಳ್ಳುವಾಗಿನ ತಮಾಷೆ ಮಾಡಿಕೊಂಡಿದ್ದ, ಆ ತಮಾಷೆಯಲ್ಲಿ ತಾನೇ ಶೂರನಾಗಿದ್ದ. ಲೆಮ್ ಹಲ್ಲು ಕಚ್ಚಿ ಪೈಪು ಸುತ್ತಿಕೊಂಡು ಹೊರಟ. ಹೇಳಬೇಕೆಂದಿದ್ದ ಮಾತು ಅಲ್ಲೇ ಸತ್ತುಹೋಯಿತು.

ಮಾರ್ಚ್ ಎರಡನೇ ಶನಿವಾರ ಚಳಿಗಾಲದವರ ಬೀಳ್ಕೊಡುಗೆಯ ಊಟ. ಆ ಸಲ ಮೀನು ಹುರಿಯುವುದು ತನ್ನ ಜಾಗದಲ್ಲೇ ಎಂದು ಕೆಚಮ್ ಹಟ ಹಿಡಿದು ಗೆದ್ದಿದ್ದ. ನೆಲೆಯ ಮುಖ್ಯಾಧಿಕಾರಿ ಕರ್ನಲ್‌ನನ್ನೇ ಹೆಂಡತಿ ಸಮೇತ ಕರೆದಿದ್ದ. ಮಧ್ಯಾಹ್ನ ಮೂರಕ್ಕೆ ಲೆಮ್‌ನ ಫೋನು ಬಡಿದುಕೊಂಡಿತು. ಯೋಲಾಂಡಾ.

“ಮಿಸ್ಟರ್ ಲೆಮ್, ಹದಿನಾಲ್ಕರಲ್ಲಿ ಕಕ್ಕಸು ಉಕ್ಕಿ ಮೇಲೆ ಬರ್ತಿದೆ. ಒಳಗೆಲ್ಲ ಹರಿದಿದೆಯಂತೆ. ಇಲ್ಲಿ ಕಚೇರಿವರೆಗೂ ನಾತ. ಊರಿನ ಪ್ಲಂಬರ್‌ನ ಕರೀರಿ ಅಂತ ಕೂಗಾಡ್ತಿದ್ದಾರೆ. ಹೊರಗಿನವರಿಗೆ ಗೇಟ್ ಪಾಸು ಬೇಕು, ತಪಾಸಣೆಗೆ ಮೂರು ಕೆಲಸದ ದಿನ. ಪಾಸಿರೋನು ನೀನೊಬ್ಬನೇ.”

“ನನ್ನ ಗುತ್ತಿಗೆ ಸೋಮವಾರದಿಂದ ಶುಕ್ರವಾರ.”

“ಗೊತ್ತು. ಬರ್ತೀಯಾ?”

“ಬರ್ದೇ ಇರ್ತೀನಾ? ನೀನೂ ಹದಿನಾಲ್ಕಕ್ಕೆ ಬಾ. ಒಂದು ಪೆನ್ನು ತಗೊಂಡು ಬಾ.”

ಓಲೀಟಾ ಅವನಿಗೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಕೊಳಚೆ ಎತ್ತಲು ಇಸ್ತ್ರಿ ಅಂಗಿ ಯಾಕೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಾಲ್ಕಕ್ಕೆ ಲೆಮ್ ಹದಿನಾಲ್ಕರ ಮುಂದೆ ಇಳಿದ. ಯೋಲಾಂಡಾ ಪೆನ್ನು ಹಿಡಿದು ಆಗಲೇ ಬಂದಿದ್ದಳು. ಡಾನಾ ಮೂಗಿಗೆ ಬಟ್ಟೆ ಹಿಡಿದು ದೂರದ ಬೆಂಚಿನ ಮೇಲೆ ಕೂತಿದ್ದಳು. ನಾಯಿ ಲೆಫ್ಟಿನೆಂಟ್ ಕೂಡ ಒಳಗೆ ಇರಲಾರದೆ ಹೊರಗೆ ಬಂದಿತ್ತು. ಕೆಚಮ್ ಮೊಣಕಾಲವರೆಗೆ ಪ್ಯಾಂಟು ಮಡಿಚಿ, ಬರಿಗಾಲಲ್ಲಿ, ಕೆಂಪು ಮುಖ ಮಾಡಿಕೊಂಡು ನಿಂತಿದ್ದ.

“ಏನ್ ನೋಡ್ತಾ ನಿಂತಿದ್ದೀಯ? ಶುರು ಮಾಡು! ಐದೂವರೆಗೆ ಕರ್ನಲ್ ಬರ್ತಾರೆ!”

“ಇವತ್ತು ಶನಿವಾರ. ನಾನು ಬರ್ಲೇಬೇಕು ಅಂತೇನಿಲ್ಲ, ಸಾರ್ಜೆಂಟ್ ಮೇಜರ್. ಬಂದಿದ್ದೀನಿ. ನನ್ನ ಹೆಸರು ಗೊತ್ತಾ ನಿಮಗೆ?”

“ನಿನ್ನ ಹೆಸರು ಕಟ್ಕೊಂಡು ನನಗೇನಾಗ್ಬೇಕು?”

“ಗ್ಯಾಸ್ಕಿನ್. ನೀರಿನ ಲಾರಿ. ಧೂಳಿನ ಗಾಳಿ. ‘ಹೊರಡು, ನಾನಿದ್ದೀನಲ್ಲ’ ಅಂದಿದ್ರಿ.”

ಕೆಚಮ್‌ನ ಮುಖದ ಕೆಂಪು ಇಳಿಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಲೆಮ್‌ನನ್ನು ನೆಟ್ಟಗೆ ನೋಡಿದ. ಲೆಮ್ ರಟ್ಟಿನ ಹಲಗೆಗೆ ಸಿಕ್ಕಿಸಿದ ಬಿಳಿ ಹಾಳೆ ಮುಂದೆ ಹಿಡಿದ.

“ನಡೆದದ್ದು ಬರೀರಿ. ಬರೆದುಕೊಟ್ರೆ ಕೆಲಸ ಶುರು ಮಾಡ್ತೀನಿ.”

“ಬೆದರಿಕೆನಾ ಇದು?”

“ಎಲ್ಲಾದ್ರೂ ಉಂಟಾ? ಬೇಡ ಅಂದ್ರೆ ಬೇಡ. ಸೋಮವಾರ ಬೆಳಿಗ್ಗೆ ಎಂಟಕ್ಕೆ ನನ್ನ ಸರದಿ, ಬರ್ತೀನಿ.” ಲೆಮ್ ಲಾರಿಯ ಕಡೆ ತಿರುಗಿದ. ಎರಡು ಹೆಜ್ಜೆ ಹಾಕಿರಬೇಕು.

“ಕೊಡು ಇಲ್ಲಿ!”

ಮೊದಲನೆಯ ಹಾಳೆಯಲ್ಲಿ ಬರೆದ: ಆ ದಿನ ಮಾತು ತಲುಪುವುದರಲ್ಲಿ ಏನೋ ವ್ಯತ್ಯಾಸವಾಗಿರಬಹುದು. ಲೆಮ್ ಓದಿ, ಹಾಳೆ ಕಿತ್ತು, ಮಡಿಚಿ ಕಸದ ಡಬ್ಬಿಗೆ ಹಾಕಿದ. “ಇನ್ನೊಂದು ಸಲ.” ಹಾಸಿಗೆಯ ಅಂಚು ಸರಿಯಿಲ್ಲ ಎಂದು ಹುಡುಗರಿಂದ ಹತ್ತು ಸಲ ಹಾಸಿಸುತ್ತಿದ್ದಾಗ ಕೆಚಮ್ ಅನ್ನುತ್ತಿದ್ದ ಮಾತೇ ಅದು, ಅದೇ ಧಾಟಿಯಲ್ಲಿ. ಎರಡನೆಯದರಲ್ಲಿ ಅಪ್ಪಣೆ ಕೊಟ್ಟಿದ್ದೆನೇನೋ ಎಂದಿತ್ತು. “ಈ ‘ಏನೋ’ ಯಾಕೆ? ಇನ್ನೊಂದು ಸಲ.” ಕೆಚಮ್ ಬೈದ, ಎದ್ದು ಹೋದ, ಕರ್ನಲ್‌ಗೆ ಹೇಳಿ ನಿನ್ನ ಗುತ್ತಿಗೆ ಕೀಳಿಸುತ್ತೇನೆ ಅಂದ. “ಹೇಳಿ. ಯಾಕೆ ಅಂತ ಕೇಳಿದ್ರೆ ಅದನ್ನೂ ಹೇಳಿ” ಅಂದ ಲೆಮ್. ಅಷ್ಟರಲ್ಲಿ ಟ್ರೇಲರಿನ ಮೆಟ್ಟಿಲಿನಿಂದ ಕಂದು ನೀರು ತೊಟ್ಟಿಕ್ಕತೊಡಗಿತು. ಕೆಚಮ್ ಮತ್ತೆ ಬಂದು ಕೂತ.

ಮೂರನೆಯದು ನೆಟ್ಟಗಿತ್ತು. ಅಪ್ಪಣೆ ಕೊಟ್ಟವನು ನಾನು. ಗ್ಯಾಸ್ಕಿನ್ ಕುಡಿದಿರಲಿಲ್ಲ. ಅಂದು ನಾನು ಬರೆದುಕೊಟ್ಟದ್ದು ಸುಳ್ಳು. ಸಹಿ, ತಾರೀಖು. ಕೆಳಗೆ ಸಾಕ್ಷಿಯಾಗಿ ಯೋಲಾಂಡಾ ಸಹಿ ಹಾಕಿದಳು. ಅಕ್ಷರ ಗುಂಡಗಿತ್ತು.

ಲೆಮ್ ಕಾಗದವನ್ನು ಇಸ್ತ್ರಿ ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿದ. ಆಮೇಲೆ ಮೇಲಂಗಿ ತೊಟ್ಟು, ಎರಡು ಹಲಗೆ ಕಿತ್ತು, ಬೆನ್ನು ನೋಯುತ್ತಿದ್ದರೂ ಒಳಗೆ ತೆವಳಿ, ಟ್ಯಾಂಕಿನ ಬಾಯಿಗೆ ಪೈಪು ಸೇರಿಸಿದ. ಲಾರಿಯ ಪಂಪು ಗುರ್ ಎಂದಿತು. ಒಂದೂವರೆ ನಿಮಿಷ ಓಡಿರಬಹುದು.

ಬ್ಯೂಗಲ್ ಊದಿತು.

ಲೆಮ್ ಪಂಪು ನಿಲ್ಲಿಸಿ, ಹೊರಗೆ ತೆವಳಿ, ಬಾವುಟದ ಕಡೆ ತಿರುಗಿ ನೆಟ್ಟಗೆ ನಿಂತ. ಅರವತ್ತು ಜಾಗಗಳಲ್ಲೂ ಜನ ಎದ್ದು ನಿಂತರು. ಕೆಚಮ್ ಕೂಡ ನಿಂತ, ಬರಿಗಾಲು, ಎದೆಯ ಮೇಲೆ ಕೈ, ಕಾಲ ಬುಡದಲ್ಲಿ ತನ್ನದೇ ಎರಡು ತಿಂಗಳ ಹೊಲಸು. ಕ್ಯಾಂಪಿನ ಬಾಗಿಲಲ್ಲಿ ಒಂದು ಕಪ್ಪು ಕಾರು ನಿಯಮದಂತೆ ನಿಂತಿತ್ತು. ಕರ್ನಲ್ ಅರ್ಧ ಗಂಟೆ ಮೊದಲೇ ಬಂದಿದ್ದ. ರಾಗ ಮುಗಿಯುವವರೆಗೂ ಕೆಚಮ್ ಆ ಕಾರನ್ನು ನೋಡುತ್ತ ನಿಲ್ಲಬೇಕಾಯಿತು.

ರಾಗ ಮುಗಿಯಿತು. ಲೆಮ್ ಪೈಪು ಬಿಚ್ಚಿ ಸುತ್ತತೊಡಗಿದ.

“ಏಯ್, ಏನ್ ಮಾಡ್ತಿದ್ದೀಯ?”

“ಐದಾಯ್ತು. ನನ್ನ ಪಾಸು ಮುಗೀತು.”

“ಬರೆದುಕೊಟ್ಟೆನಲ್ಲೋ!”

“ಬರೆದುಕೊಟ್ರೆ ಶುರು ಮಾಡ್ತೀನಿ ಅಂದೆ. ಶುರು ಮಾಡ್ದೆ. ಮೂರು ಸಲ ಬರೆದು ಹೊತ್ತು ಕಳೆದೋರು ನೀವು.”

“ಒಂದು ಗಂಟೆ ಇರಯ್ಯಾ... ಗ್ಯಾಸ್ಕಿನ್, ದಮ್ಮಯ್ಯ ಅಂತೀನಿ. ಯಾರು ಕೇಳ್ತಾರೆ?”

“ಇಲ್ಲಿ ಇರೋ ಅರ್ಹತೆ ನನಗಿಲ್ಲ, ಸಾರ್ಜೆಂಟ್ ಮೇಜರ್,” ಅಂದ ಲೆಮ್. “ಹಾಗಂತ ಬರೆದು ಕಳಿಸಿದ್ದು ನೀವೇ.”

ಕಪ್ಪು ಕಾರು ಮೆಲ್ಲಗೆ ಹದಿನಾಲ್ಕರ ಕಡೆ ಬರುತ್ತಿತ್ತು. ಲೆಮ್ ಲಾರಿಯನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ದಾರಿ ಕೊಟ್ಟ. ಕನ್ನಡಿಯಲ್ಲಿ ಕಾರಿನ ಬಾಗಿಲು ತೆರೆದದ್ದೂ ಕಂಡಿತು, ಒಡನೆ ಮುಚ್ಚಿಕೊಂಡದ್ದೂ ಕಂಡಿತು. ಭಾನುವಾರ ಬೆಳಿಗ್ಗೆ ಕೆಚಮ್ ಉಕ್ಕಿದ ಟ್ಯಾಂಕನ್ನು ಹಾಗೇ ಎಳೆದುಕೊಂಡು ಕ್ಯಾಂಪು ಬಿಟ್ಟ. ಗಡಿಬಿಡಿಯಲ್ಲಿ ಹೆಸರಿನ ಫಲಕವನ್ನು ಕಂಬದ ಮೇಲೇ ಮರೆತು ಹೋದ.

ಆ ಕಾಗದ ಸೇರಿಸಿ ಹಾಕಿದ ಮೂರನೇ ಅರ್ಜಿಗೆ ಮಂಡಳಿ ಹದಿನಾರು ತಿಂಗಳು ತೆಗೆದುಕೊಂಡಿತು. ಹೊಸ ಪತ್ರ ಬಂದಾಗ ಲೆಮ್ ಅದನ್ನು ಓದಲಾರದೆ ಓಲೀಟಾಳ ಕೈಗೆ ಕೊಟ್ಟ. ಗೌರವದ ಬಿಡುಗಡೆ ಎಂಬ ಎರಡು ಪದಗಳನ್ನು ಅವಳು ಅಡುಗೆಮನೆಯಲ್ಲಿ ನಿಂತು ನಾಲ್ಕು ಸಲ ಗಟ್ಟಿಯಾಗಿ ಓದಿದಳು. ಮುರಿದ ಬೆನ್ನನ್ನು ಲೆಕ್ಕಕ್ಕೆ ಹಿಡಿದು ಗಾಯಗೊಂಡ ಮಾಜಿ ಸೈನಿಕನ ಕಾರ್ಡು ಕೈಗೆ ಬರಲು ಇನ್ನೂ ಕೆಲವು ತಿಂಗಳಾಯಿತು.

ಜನವರಿಯಲ್ಲಿ ಇಬ್ಬರೂ ಅದೇ ಪುಟ್ಟ ಟ್ರೇಲರ್ ಎಳೆದುಕೊಂಡು ಕಿಟಕಿಗೆ ಬಂದರು. ಯೋಲಾಂಡಾ ಕಾರ್ಡನ್ನು ತಿರುವಿ ಮುರುವಿ ನೋಡಿ ಕಣ್ಣೊರೆಸಿಕೊಂಡಳು. “ಎಷ್ಟನೇ ಜಾಗ ಬೇಕು ಮಿಸ್ಟರ್ ಲೆಮ್?”

“ಹದಿನಾಲ್ಕು.”

ಸಂಜೆ ನೆರೆಯವರೆಲ್ಲ ತಟ್ಟೆ ಹಿಡಿದು ಬಂದರು. ಆಲೂಗಡ್ಡೆ ಸಲಾಡಿನ ಬೋಗುಣಿ ಮೇಜಿನ ನಡುವೆ ಕೂತಿತು. ಐದಕ್ಕೆ ಬ್ಯೂಗಲ್ ಊದಿತು. ಲೆಮ್ ಎದ್ದು ನಿಂತ. ರಾಗ ಮುಗಿದ ಮೇಲೆ ಅಭ್ಯಾಸದಂತೆ ಅವನ ಕೈ ಕಾರಿನ ಕೀಲಿಗೆ ಜೇಬಿನೊಳಗೆ ಹೋಯಿತು. ಓಲೀಟಾ ಅದನ್ನು ಕಂಡು ಅವನ ಮೊಣಕೈ ಹಿಡಿದು ಕೂರಿಸಿದಳು. ಐದು ದಾಟಿತು, ಐದೂವರೆ ದಾಟಿತು. ಯಾರೂ ಅವನನ್ನು ಹೊರಡು ಅನ್ನಲಿಲ್ಲ.

ಮೀನು ಹುರಿಯಲು ಓಲೀಟಾ ಒಲೆಗೆ ಒಂದು ಒಣ ಹಲಗೆ ಸೀಳಿ ಹಾಕಿದಳು. ಅದರ ಮೇಲೆ ಕೆತ್ತಿದ್ದ ಅಕ್ಷರಗಳು ಸ್ವಲ್ಪ ಹೊತ್ತು ಕಾಣುತ್ತಿದ್ದವು. ಯೋಲಾಂಡಾ ಜೋಪಾನವಾಗಿ ಎತ್ತಿಟ್ಟಿದ್ದ ಕೆಚಮ್‌ನ ಹೆಸರಿನ ಫಲಕ ಅದು.

“ಈಗಲಾದ್ರೂ ಅವನ್ನ ಕ್ಷಮಿಸಿದೆಯಾ?” ಎಂದು ಕೇಳಿದಳು ಓಲೀಟಾ.

ಲೆಮ್ ಬೆಂಕಿಯನ್ನು ನೋಡಿದ. “ಇಲ್ಲ,” ಅಂದ. “ಆ ಮೀನು ಇತ್ತ ಕೊಡು.”